ನಿಷ್ಠುರವೆಲ್ಲ ಕಠೋರವಲ್ಲ

ಇಂಗ್ಲಿಷಿನ ‘ಹಾರ್ಷ್’ ಎಂಬ ಗುಣವಾಚಕ ಬಲು ಸಂಚಾರಿ. ಒರಟು ಬಟ್ಟೆ, ಗಂಟಲು ಸುಡುವ ಮದ್ದು, ಕೀರಲು ದನಿ, ಬಿರುಬಿಸಿಲು, ಬಿರುನುಡಿ, ಘೋರ ಶಿಕ್ಷೆ—ಎಲ್ಲಕ್ಕೂ ಅದೊಂದೇ ಸಾಕು. ಅದನ್ನು ಕನ್ನಡಕ್ಕೆ ತರುವಾಗ ಎಲ್ಲೆಡೆಯೂ ‘ಕಠೋರ’ವೆಂದು ಬರೆದರೆ ಅರ್ಥಕ್ಕೆ ಅಪಚಾರವಾಗುತ್ತದೆ, ಕೆಲವೊಮ್ಮೆ ಮನುಷ್ಯರಿಗೂ ಅನ್ಯಾಯವಾಗುತ್ತದೆ. ಕನ್ನಡವು ಒಂದೊಂದು ಅನುಭವಕ್ಕೆ ಒಂದೊಂದು ಮಾತನ್ನು ಕಾದಿರಿಸಿದೆ. ಹಾವೇರಿ ಜಿಲ್ಲೆಯ ನಾಲ್ಕು ಸೀಮೆಗಳನ್ನು ನೆನೆದರೂ ಇದು ಸ್ಪಷ್ಟವಾದೀತು.

ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಎಲೆಯ ಖಾರ ನಾಲಗೆಗೆ ‘ಕಟು’. ಷಡ್ರಸಗಳಲ್ಲಿ ಕಟುವೂ ಒಂದು, ಮಿತವಾಗಿದ್ದರೆ ರುಚಿಯೇ. ಕಟುವಾದ ವಿಮರ್ಶೆಯೂ ಹಾಗೆಯೇ ಚುರುಕು ಮುಟ್ಟಿಸುತ್ತದೆ, ಹಿತವನ್ನೂ ಮಾಡುತ್ತದೆ.

ಧಾರವಾಡದಲ್ಲಿ ಜನಿಸಿ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತವರು ಗಂಗೂಬಾಯಿ (1913–2009). ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಗಂಡುದನಿಯಷ್ಟು ದಪ್ಪವಾಯಿತು. ಆದರೂ ಅದು ‘ಕರ್ಕಶ’ವಾಗಲಿಲ್ಲ, ಗಂಭೀರವಾಯಿತು. ಕಿವಿಯನ್ನು ಗೀರುವುದು ಕರ್ಕಶ, ತೂಕವುಳ್ಳದ್ದಲ್ಲ.

ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಹಿರಿಮೆಗಾಗಿ ಭತ್ತಕ್ಕೂ ರಾಗಿಗೂ ವ್ಯಾಜ್ಯ. ಶ್ರೀರಾಮನು ಎರಡನ್ನೂ 6 ತಿಂಗಳು ಸೆರೆಯಲ್ಲಿರಿಸಿದಾಗ ಭತ್ತ ಸೊರಗಿತು. ‘ಒರಟು’ ರಾಗಿ ಗೆದ್ದಿತು. ಒರಟು ಮೈಯದು, ಗುಣದ್ದಲ್ಲ.

ಇನ್ನು ಹಿರೇಕೆರೂರು. ಅಲ್ಲಿಯ ಅಬಲೂರು ಸರ್ವಜ್ಞನ ನೆಲವೆಂದು ಪ್ರತೀತಿ. ಮೂರೇ ಸಾಲುಗಳಲ್ಲಿ ಲೋಕದ ಡಂಭವನ್ನು ಬಯಲಿಗೆಳೆದ ಆತನನ್ನು ಕಠೋರನೆಂದವರಿಲ್ಲ, ಆತ ‘ನಿಷ್ಠುರ’ವಾದಿ. ಕಠೋರನಿಗೆ ಕರುಣೆಯಿಲ್ಲ, ನಿಷ್ಠುರನಿಗೆ ದಾಕ್ಷಿಣ್ಯವಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆ ಇಂಥವರನ್ನು ಕುರಿತದ್ದೇ. ‘ನಿಷ್ಠುರ ಕಟ್ಟಿಕೊಳ್ಳುವುದು’ ಎಂಬ ನಮ್ಮ ನುಡಿಗಟ್ಟನ್ನು ಗಮನಿಸಬೇಕು. ‘ಹಾರ್ಷ್’ ಎಂದರೆ ಕೇಳಿದವನ ನೋವು ಮಾತ್ರ ತೋರುತ್ತದೆ. ನಿಷ್ಠುರವೆಂದರೆ ಆಡಿದವನು ತೆತ್ತ ಬೆಲೆಯೂ ತೋರುತ್ತದೆ.

ಮದುವೆಯ ಮಾತುಕತೆಯಲ್ಲಿ ವರನ ಕಡೆಯವರು ವರದಕ್ಷಿಣೆ ಕೇಳುತ್ತಾರೆ. ಎಲ್ಲರೂ ತಲೆ ತಗ್ಗಿಸಿ ಕುಳಿತಿರುವಾಗ, “ಈ ಸಂಬಂಧ ನಮಗೆ ಬೇಡ” ಎಂದು ಸೋದರಮಾವನೊಬ್ಬನು ಎದ್ದು ನಿಲ್ಲುತ್ತಾನೆ. ನೆಂಟರಿಷ್ಟರು ಅವನನ್ನು ಕಠೋರನೆಂದು ದೂರಬಹುದು. ಆದರೆ ಅವನು ನಿಷ್ಠುರ ಕಟ್ಟಿಕೊಂಡದ್ದು ಸೊಸೆಯ ಮೇಲಿನ ಕರುಣೆಯಿಂದಲೇ. ಈ ಎರಡು ಮಾತುಗಳ ಅಂತರವನ್ನು ಅರಿತ ಮನೆಯಲ್ಲಿ ಅಂಥವನಿಗೆ ಒಂದು ಮಣೆ ಎಂದಿಗೂ ಇರುತ್ತದೆ.