ಉಪವಾಸದ ಮೀನಿಗೆ ಗರಿಯ ಗಾಳ

ಗಾಳಕ್ಕೆ ಎರೆಹುಳು ಸಿಕ್ಕಿಸಿ ಮೀನು ಹಿಡಿಯುವುದನ್ನು ನೀವು ನೋಡಿರಬಹುದು. ಅಮೆರಿಕದ ಆರೆಗನ್ ರಾಜ್ಯದ ನಾರ್ತ್ ಅಂಪ್‌ಕ್ವಾ ನದಿಯಲ್ಲಿ ಸುಮಾರು 50 ಕಿ.ಮೀ. ಉದ್ದಕ್ಕೂ ಎರೆಹುಳು ಬಳಸುವಂತಿಲ್ಲ. ಕೊಕ್ಕೆಗೆ ಹಕ್ಕಿಯ ಗರಿ, ದಾರ ಸುತ್ತಿ ಮಾಡಿದ ಹುಸಿ ನೊಣವನ್ನೇ ಕಟ್ಟಬೇಕು. ನೊಣ ಬಲು ಹಗುರ. ಬೀಸಿದಾಗ ಅದನ್ನು ದೂರ ಒಯ್ಯುವುದು ಗಾಳದ ದಪ್ಪ ದಾರದ ಭಾರ.

ಅಲ್ಲಿಗೆ ಬರುವ ಮೀನು ಸ್ಟೀಲ್‌ಹೆಡ್. ಇದು ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಮರಳುತ್ತದೆ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಜೂನ್-ಆಗಸ್ಟ್‌ನಲ್ಲಿ ಬಂದ ಮೀನು ಮೊಟ್ಟೆಯಿಡುವುದು ಚಳಿಗಾಲ ಬಂದ ಮೇಲೆಯೇ. ಅಲ್ಲಿಯವರೆಗೆ ತಿನ್ನುವುದು ಬಹಳ ಕಡಿಮೆ. ಮೈಯ ಕೊಬ್ಬೇ ಬುತ್ತಿ! ಹಾಗಾದರೆ ಗರಿಯನ್ನೇಕೆ ಕಚ್ಚುತ್ತದೆ? ಮರಿಯಾಗಿದ್ದಾಗ ಇದೇ ನದಿಯಲ್ಲಿ ಹುಳು ಹಿಡಿದ ಅಭ್ಯಾಸ ಇರಬಹುದು, ಸಿಟ್ಟೂ ಇರಬಹುದು. ಮೀನನ್ನು ಕೇಳುವಂತಿಲ್ಲವಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಅದಕ್ಕೇ ಸೆಕೆ ಹೆಚ್ಚಿದಾಗ ಈ ಮೀನುಗಳು ತಣ್ಣನೆಯ ಮಡುಗಳಲ್ಲಿ ಗುಂಪಾಗಿ ನಿಲ್ಲುತ್ತವೆ. ಬಿಸಿ ನೀರಿನಲ್ಲಿ ಗಾಳದೊಡನೆ ಸೆಣಸಿ ದಣಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರೂ ಅದು ಬದುಕುವುದು ಕಷ್ಟ. 2021ರಲ್ಲಿ ಕಡಲಿನಿಂದ ಮರಳಿದ ಮೀನುಗಳೇ ತೀರಾ ಕಡಿಮೆಯಾದವು. ಆ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಈ ನದಿಯಲ್ಲಿ ಗರಿಯ ಗಾಳವನ್ನೂ ನಿಷೇಧಿಸಲಾಯಿತು.