ದೆವ್ವದ ಮನೆ ಕಟ್ಟುವವರಿಗೂ ಭಯ ಉಂಟು!

ದೆವ್ವಕ್ಕೆ ಮನೆ ಕಟ್ಟುವುದು ಸುಲಭ ಅಂದುಕೊಂಡಿರಾ? ಮನುಷ್ಯರ ಮನೆಗಿಂತ ಕಷ್ಟ ಸ್ವಾಮಿ! ನಾಗಮಂಗಲದ ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಈ ಲೇಖಕನಿಗೆ ಸಿಕ್ಕಿದ ಮೇಸ್ತ್ರಿಯೊಬ್ಬರು ಎರಡು ಗಂಟೆ ಹೊತ್ತು ಇದನ್ನೇ ಹೇಳಿದರು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಚಿಕ್ಕಂದಿನಲ್ಲಿ ಹಳ್ಳಿ ನಾಟಕಗಳಿಗೆ ಸೀನರಿ ಕಟ್ಟಿದವರು. ಆಮೇಲೆ ಸಿನಿಮಾ ಸೆಟ್ಟುಗಳಲ್ಲಿ ಬಡಗಿ. ಈಗ ಜಾತ್ರೆ, ವಸ್ತುಪ್ರದರ್ಶನಗಳಲ್ಲಿ ಟಿಕೆಟ್ಟು ಕೊಟ್ಟು ಒಳಗೆ ಹೋಗಿ ಕಿರುಚಿಕೊಂಡು ಬರುತ್ತೀರಲ್ಲ, ಆ ಭೂತ ಬಂಗಲೆಗಳನ್ನು ಕಟ್ಟಿಕೊಡುತ್ತಾರೆ.

"ನಮ್ ಕಡೆ ತೊಟ್ಟಿಮನೇಲಿ ದೆವ್ವ ನಿಲ್ಲಾಕಿಲ್ಲ ಕಣಪ್ಪ" ಎಂದು ಶುರು ಮಾಡಿದರು. "ಮಧ್ಯದಲ್ಲಿ ಆಕಾಶ ಕಾಣ್ತದೆ. ಬೆಳಕು ಬೀಳೋ ಕಡೆ ಯಾವನು ಎದರ್ತಾನೆ?"

ಆದ್ದರಿಂದ ಮೊದಲ ಕೆಲಸ, ಬೆಳಕು ಮುಚ್ಚುವುದು. ಸರ್ವೆ ಗಳ ನೆಟ್ಟು, ರೀಪು ಹೊಡೆದು, ಪ್ಲೈವುಡ್ಡು ಇಲ್ಲವೆ ಗೋಣಿತಾಟು ಬಿಗಿದು ಕಪ್ಪು ಬಳಿಯುತ್ತಾರೆ. ಓಣಿಯ ಅಗಲ ಮೂರೇ ಅಡಿ. ಹತ್ತು ಹೆಜ್ಜೆಗೊಂದು ತಿರುವು. ಮೊದಲನೆಯ ಕೋಣೆಯಲ್ಲಿ ಏನಿರುತ್ತದೆ ಗೊತ್ತೆ? ಏನೂ ಇರುವುದಿಲ್ಲ! ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತೂ ಮನುಷ್ಯ ತನ್ನನ್ನು ತಾನೇ ಹೆದರಿಸಿಕೊಳ್ಳುತ್ತಾನೆ. ಅದು ಪುಕ್ಕಟೆ ಭಯ! ಆಮೇಲೆ ಎಡಗಡೆ ಗಂಟೆ ಬಾರಿಸುತ್ತದೆ. ನಾಗಮಂಗಲದ್ದೇ ಕಂಚಿನ ಗಂಟೆ, ಪ್ಲಾಸ್ಟಿಕ್ ಸದ್ದು ಮೇಸ್ತ್ರಿಗೆ ಹಿಡಿಸುವುದಿಲ್ಲ. ಎಲ್ಲರೂ ಎಡಕ್ಕೆ ತಿರುಗುತ್ತಾರೆ. ಕೈ ಬರುವುದು ಬಲಗಡೆಯಿಂದ......

ಜೇಡರ ಬಲೆ ಜೇಡ ನೇಯ್ದದ್ದಲ್ಲ. ರಬ್ಬರ್ ಸಲ್ಯೂಷನ್ನನ್ನು ತಿರುಗುವ ಫ್ಯಾನಿನ ಮುಂದೆ ಬಿಟ್ಟರೆ ಎಳೆ ಎಳೆಯಾಗಿ ಹಾರಿ ಅಂಟುತ್ತದೆ. ನೂರು ವರ್ಷದ ಧೂಳು ಅಂದರೆ ಮುಲ್ತಾನಿ ಮಿಟ್ಟಿ. ಹೊಸ ಪಂಚೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಸತ್ತವರ ಬಟ್ಟೆ! ತೇಲಾಡುವ ಮೋಹಿನಿ ಬೇಕೆ? ನಲವತ್ತೈದು ಡಿಗ್ರಿ ಓರೆಯಾಗಿ ಒಂದು ದೊಡ್ಡ ಗಾಜು ನಿಲ್ಲಿಸಿ, ಪಕ್ಕದ ಗುಪ್ತ ಕೋಣೆಯಲ್ಲಿ ಬಿಳಿ ಸೀರೆಯವಳ ಮೇಲೆ ದೀಪ ಬಿಟ್ಟರೆ ಗಾಜಿನೊಳಗೆ ಅವಳ ನೆರಳು ನಡೆದಾಡುತ್ತದೆ. 1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ಎಂಬಾತ ಇದನ್ನು ನಾಟಕಕ್ಕೆ ತಂದ. 1969ರಲ್ಲಿ ಅಮೆರಿಕದ ಡಿಸ್ನಿಲ್ಯಾಂಡಿನ ದೆವ್ವದ ಬಂಗಲೆಯಲ್ಲೂ ಇದೇ ಗಾಜು. ನಮ್ಮ ಮೇಸ್ತ್ರಿ ಪೆಪ್ಪರನ ಹೆಸರು ಕೇಳಿಲ್ಲ, ಗಾಜು ಮಾತ್ರ ಸರಿಯಾಗಿ ನಿಲ್ಲಿಸುತ್ತಾರೆ.

'ನಾ ನಿನ್ನ ಬಿಡಲಾರೆ' (1979), ಉಪೇಂದ್ರರ 'ಶ್!' (1993), 'ಆಪ್ತಮಿತ್ರ' (2004) ನೋಡಿ ನಡುಗಿದವರು ನಾವೆಲ್ಲ. ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ಕೇಳಿದೆ.

"ಸಿನಿಮಾ ಸೆಟ್ಟಿಗೆ ಮೂರು ಗೋಡೆ ಸಾಕು, ನಾಕನೇ ಕಡೆ ಕ್ಯಾಮೆರಾ ಇರ್ತದೆ. ಬೆಂಕಿ ಗಿಂಕಿ ಬಿದ್ರೆ ಆ ಕಡೆ ಓಡ್ಬೌದು. ನನ್ ಬಂಗಲೆಗೆ ನಾಕೂ ಗೋಡೆ ಕಣಯ್ಯ."

ಟೀ ಲೋಟ ಕೆಳಗಿಟ್ಟರು. ಸಿನಿಮಾದಲ್ಲೂ ಓಡಲು ಆಗದ ದಿನ ಒಂದಿತ್ತಲ್ಲ ಎಂದೆ. 1989ರ ಫೆಬ್ರವರಿ 8. ಪಕ್ಕದ ಶ್ರೀರಂಗಪಟ್ಟಣವನ್ನು ಆಳಿದ ಟಿಪ್ಪುವಿನ ಕಥೆ, 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣ. ಬೆಂಕಿ ಹತ್ತಿ 62 ಜನ ಸತ್ತರು. ನಾಯಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ಬದುಕಿ ಬಂದರು. ಮೇಸ್ತ್ರಿ ಅಂದು ಅಲ್ಲಿರಲಿಲ್ಲ. "ಗೋಣಿತಾಟು ಮುಟ್ಟಿದಾಗೆಲ್ಲ ಗ್ಯಾಪ್ಕ ಬತ್ತದೆ" ಎಂದಷ್ಟೇ ಹೇಳಿದರು.

ಅಮೆರಿಕದ ನ್ಯೂಜೆರ್ಸಿಯಲ್ಲೂ 1984ರ ಮೇ 11ರಂದು ಇಂಥದ್ದೇ ಒಂದು ದೆವ್ವದ ಕೋಟೆ ಸುಟ್ಟು ಎಂಟು ಹದಿಹರೆಯದವರು ಸತ್ತರು. ಕತ್ತಲಲ್ಲಿ ದಾರಿ ಕಾಣದೆ ಹುಡುಗನೊಬ್ಬ ಸಿಗರೇಟ್ ಲೈಟರ್ ಹಚ್ಚಿದ್ದನಂತೆ. ಗೋಡೆಗೆ ಹೊದಿಸಿದ್ದ ಫೋಮಿಗೆ ಕಿಡಿ ತಗುಲಿತು.

ನನಗೂ ಒಂದು ಅನುಭವ ಉಂಟು. ಹನ್ನೊಂದು ವರ್ಷದವನಿದ್ದಾಗ ಜಾತ್ರೆಯೊಂದರ ಭೂತ ಬಂಗಲೆಗೆ ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ನಡುವೆ ಕರೆಂಟು ಹೋಯಿತು. ಹಿಂದಿನವರು ಮುಂದಕ್ಕೆ ನೂಕಿದರು, ಮುಂದಿನವರು ಹಿಂದಕ್ಕೆ. ತಂಗಿಯ ಕೈ ತಪ್ಪಿತು. ಯಾರೋ ಪುಣ್ಯಾತ್ಮರು ತಾಟು ಹರಿದು ಬೆಳಕು ಮಾಡಿದಾಗ ಅವಳು ಪ್ಲಾಸ್ಟರಿನ ಅಸ್ಥಿಪಂಜರದ ಕಾಲು ತಬ್ಬಿಕೊಂಡು ಕೂತಿದ್ದಳು! ಈಗ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಇದನ್ನು ಕೇಳಿ ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಜಗಳ ಹೇಳಿದರು. ಒಂದು ಕಡೆ ಕಂಟ್ರಾಕ್ಟರು, "ಹಿಂದಿನ ಬಾಗಿಲು ಮುಚ್ಚಿ, ಟಿಕೆಟ್ಟಿಲ್ಲದೆ ಹುಡುಗರು ನುಗ್ಗುತ್ತಾರೆ" ಎಂದನಂತೆ. ಇವರು ಆಗುವುದಿಲ್ಲ ಎಂದರು. ಆತ ಬಿಡಲಿಲ್ಲ. ಕೊನೆಗೆ ಆ ಜಾಗಕ್ಕೆ ಮೊಳೆ ಹೊಡೆಯದೆ, ಒದ್ದರೆ ಬೀಳುವ ಹಾಗೆ ಸುತ್ತಲಿ ದಾರದಲ್ಲಿ ತಟ್ಟಿ ಕಟ್ಟಿ ಬಂದರು. ಅದು ಗೊತ್ತಾಗಿ ಕೂಲಿಯಲ್ಲಿ ಅರ್ಧ ಹಿಡಿದುಕೊಂಡ. ಇನ್ನೂ ಬಂದಿಲ್ಲ.

"ಹೊಗೆಗೆ ಏನು ಹಾಕುತ್ತೀರಿ ಅಣ್ಣ?"

"ಸಾಂಬ್ರಾಣಿ ಹಾಕ್ತಿದ್ದೋ, ಬುಟ್ಟೆ. ಒಳಗಡೆ ಕೆಂಡ ಮಡಗಾಕಿಲ್ಲ. ಡ್ರೈ ಐಸೂ ಮುಚ್ಚಿದ್ ಕೋಣೇಲಿ ಬ್ಯಾಡ. ಉಸ್ರು ಕಟ್ತದೆ."

ಸಂಜೆ ಊರಾಚೆ ಮೈದಾನದಲ್ಲಿ ಅರ್ಧ ಎದ್ದಿದ್ದ ಬಂಗಲೆಗೆ ಕರೆದುಕೊಂಡು ಹೋದರು. ಅವರದೊಂದು ಪರೀಕ್ಷೆ ಇದೆ. ಹೊಸಬರೊಬ್ಬರ ಕಣ್ಣಿಗೆ ಟವೆಲ್ಲು ಕಟ್ಟಿ ನಡುವೆ ನಿಲ್ಲಿಸುವುದು, ತಾವು ಹೊರಗೆ ನಿಂತು ಎಣಿಸುವುದು. ಇಪ್ಪತ್ತರೊಳಗೆ ಹೊರಗೆ ಬರಬೇಕು. ಅಂದಿನ ಬಲಿ ಈ ಬಡ ಲೇಖಕ! ಗೋಡೆ ತಡವಿದೆ, ಒಂದು ಗಳಕ್ಕೆ ಹಣೆ ಚಚ್ಚಿಕೊಂಡೆ, ತಿರುವಿನಲ್ಲಿ ದಿಕ್ಕು ತಪ್ಪಿದೆ. ಹೊರಗೆ ಬಂದಾಗ ಮೂವತ್ನಾಲ್ಕು.

ಮೇಸ್ತ್ರಿ ನಗಲಿಲ್ಲ. ಕಿವಿಯ ಹಿಂದಿನ ಪೆನ್ಸಿಲು ತೆಗೆದು ನಾನು ದಾರಿ ತಪ್ಪಿದ ಕಡೆಯ ಪ್ಲೈವುಡ್ಡಿನ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು, "ಲೋ, ಗರಗಸ ತತ್ತಾರೋ" ಎಂದು ಹುಡುಗನನ್ನು ಕೂಗಿದರು.