ಹದಿಹರೆಯದ ಕಾದಂಬರಿ: ಮೌನದ ಒಳದನಿ

ಬಾಲ್ಯವನ್ನು ದಾಟಿ ಪ್ರೌಢತೆಯನ್ನು ಇನ್ನೂ ಮುಟ್ಟದ ವಯಸ್ಸಿನವರಿಗಾಗಿ ರಚಿತವಾಗುವ ಕಾದಂಬರಿಗಳು ಅಮೆರಿಕದಲ್ಲಿ ಪ್ರತ್ಯೇಕ ಸಾಹಿತ್ಯ ಪ್ರಕಾರವಾಗಿಯೇ ಬೆಳೆದಿವೆ. ಸಂಕಟಕ್ಕೆ ಸಿಲುಕಿದ ಬಾಲಕಿಯರ ಅಂತರಂಗವನ್ನು ತೆರೆದಿಡುವ ಕೃತಿಗಳಿಗೆ ಅವುಗಳಲ್ಲಿ ವಿಶಿಷ್ಟ ಸ್ಥಾನವುಂಟು. ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಇದಕ್ಕೊಂದು ನಿದರ್ಶನ.

ಕಥಾನಾಯಕಿ ಮೆಲಿಂಡಾ ಪ್ರೌಢಶಾಲೆಗೆ ಸೇರುವ ಮುನ್ನ, ಬೇಸಿಗೆಯ ಸಂತೋಷಕೂಟವೊಂದರಲ್ಲಿ, ಹಿರಿಯ ವಿದ್ಯಾರ್ಥಿಯೊಬ್ಬನ ಅತ್ಯಾಚಾರಕ್ಕೆ ಗುರಿಯಾಗುತ್ತಾಳೆ. ಭೀತಿಯಿಂದ ಪೊಲೀಸರಿಗೆ ದೂರವಾಣಿ ಮಾಡಿದರೂ ನಡೆದುದನ್ನು ಹೇಳಲು ಮಾತೇ ಹೊರಡದು. ಕೂಟವನ್ನು ಕೆಡಿಸಿದಳೆಂದು ಗೆಳತಿಯರು ಅವಳನ್ನು ದೂರವಿಡುತ್ತಾರೆ. ಕ್ರಮೇಣ ಅವಳ ಮಾತು ನಿಲ್ಲುತ್ತದೆ, ಅಂಕಗಳು ಕುಸಿಯುತ್ತವೆ. ತಂದೆತಾಯಿಗಳೂ ಶಾಲೆಯವರೂ ಅದನ್ನು ಹಟಮಾರಿತನವೆಂದು ಬಗೆಯುತ್ತಾರೆ. ಚಿತ್ರಕಲೆಯ ಅಧ್ಯಾಪಕರು ಮಾತ್ರ, ಚೀಟಿಯಲ್ಲಿ ಅವಳ ಪಾಲಿಗೆ ಬಂದ ‘ಮರ’ವನ್ನು ವರ್ಷವಿಡೀ ರೂಪಿಸಲು ಪ್ರೋತ್ಸಾಹಿಸಿ, ತಾಳ್ಮೆಯಿಂದ ಕಾಯುತ್ತಾರೆ. ಕೊನೆಗೆ ಅವಳು ಬಾಯಿ ತೆರೆಯುವುದು ಅವರೆದುರಿಗೇ.

ಕಥೆಯನ್ನು ನಿರೂಪಿಸುವವಳು ಮೆಲಿಂಡಾಳೇ ಎಂಬುದು ಗಮನಾರ್ಹ. ಲೋಕಕ್ಕೆ ಮೂಕಳಾದವಳು ಓದುಗರೊಡನೆ ಮಾತ್ರ ನಿರರ್ಗಳವಾಗಿ ಮಾತನಾಡುತ್ತಾಳೆ. ಸುತ್ತಲಿನವರು ಕೇಳದ ದನಿಯನ್ನು ಓದುಗರು ಕೇಳುತ್ತಾರೆ. ಮೌನವೆಂದರೆ ಅಪರಾಧವಲ್ಲ, ಗಾಯದ ಗುರುತೂ ಆಗಿರಬಹುದೆಂದು ಅರಿಯುತ್ತಾರೆ. ತಾವೂ 13ನೆಯ ವಯಸ್ಸಿನಲ್ಲಿ ಇಂತಹ ದೌರ್ಜನ್ಯಕ್ಕೆ ಒಳಗಾಗಿದ್ದುದನ್ನು ಲೇಖಕಿ ತಮ್ಮ ಪದ್ಯರೂಪದ ಆತ್ಮಕಥನ ‘ಶೌಟ್’ (2019) ಕೃತಿಯಲ್ಲಿ ವಿವರಿಸಿದ್ದಾರೆ.

ಇಂತಹ ವಸ್ತು ಎಳೆಯರಿಗೆ ಸಲ್ಲದೆಂದು ಅಲ್ಲಿನ ಹಲವು ಶಾಲೆಗಳಲ್ಲಿ ಆಕ್ಷೇಪಗಳು ಬಂದುದುಂಟು. ಆದರೆ ಕೃತಿಯನ್ನು ಮರೆಮಾಡಿದ ಮಾತ್ರಕ್ಕೆ ಸಂಕಟ ಮರೆಯಾಗದು. ನೊಂದ ಬಾಲಕಿಗೆ ಅದು ತಾನೊಬ್ಬಳೇ ಅಲ್ಲವೆಂಬ ಧೈರ್ಯವನ್ನು ನೀಡುತ್ತದೆ. ಹಿರಿಯರಿಗೆ, ಗದರುವ ಮುನ್ನ ಕಾರಣವನ್ನು ಕೇಳಬೇಕೆಂಬ ವಿವೇಕವನ್ನು ಕಲಿಸುತ್ತದೆ.